ಡಿಕ್ರಿ ನಮ್ಮ ಕೈಯಲ್ಲಿ, ದುಡ್ಡು ಅವರ ಜೇಬಿನಲ್ಲಿ

2022ರ ಆಷಾಢದಲ್ಲಿ ಶಿವಮೊಗ್ಗಕ್ಕೆ ಬಂದಿದ್ದೆ. ಹೊರಗೆ ಬಿಡದೆ ಮಳೆ. ಊಟ ಆದ ಮೇಲೆ ಚಿಕ್ಕಮ್ಮ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಮುಂದಿಟ್ಟರು. ಒಳಗೆ ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ಬರೆದ ಒಂದು ಕರಾರು, ಪಾಸ್‌ಬುಕ್ಕಿನ ಜೆರಾಕ್ಸು, ಮತ್ತೆ ಒಂದು ಚೀಟಿ. ಚೀಟಿಯ ತುಂಬ ತಾರೀಖುಗಳು. ಮನೆ ಓನರು "ಈ ದಿನ ಖಂಡಿತ ಕೊಡ್ತೀನಿ" ಎಂದಿದ್ದ ದಿನಗಳು ಅವು. ಎಣಿಸಿದೆ, ಹದಿನೇಳು ಇದ್ದವು.

"ನೀನು ಅಮೆರಿಕದಲ್ಲಿ ಓನರ್ ಮೇಲೆ ಕೇಸು ಹಾಕಿ ಅಡ್ವಾನ್ಸ್ ವಸೂಲು ಮಾಡಿದೆ ಅಂತ ನಿನ್ನಮ್ಮ ಹೇಳಿದ್ರು. ನಂದೂ ಒಂದು ನೋಡು ಮಾರಾಯ," ಎಂದರು.

ಚಿಕ್ಕಮ್ಮನ ಊರು ಹೊಸನಗರದ ಕಡೆ. ಮಕ್ಕಳ ಕಾಲೇಜಿಗೆಂದು 2018ರಲ್ಲಿ ವಿನೋಬನಗರದಲ್ಲಿ ಮನೆ ಮಾಡಿದರು. ಚಿಕ್ಕಪ್ಪ ತೋಟ ಬಿಟ್ಟು ಬರುವ ಹಾಗಿರಲಿಲ್ಲ. ಮಲೆನಾಡಿನ ಎಷ್ಟೋ ಸಂಸಾರಗಳು ಹೀಗೆ ಎರಡು ಒಲೆ ಹಚ್ಚಿಕೊಂಡೇ ಮಕ್ಕಳನ್ನು ಓದಿಸುತ್ತವೆ, ಅಲ್ವಾ. ತಿಂಗಳ ಬಾಡಿಗೆಯ ತಲೆನೋವು ಬೇಡ ಅಂತ ಮನೆಯನ್ನು ಭೋಗ್ಯಕ್ಕೆ ತೆಗೆದುಕೊಂಡರು. ನಾಲ್ಕು ಲಕ್ಷ ರೂಪಾಯಿ ಕೊಟ್ಟು ಮೂರು ವರ್ಷ ಇರುವುದು, ಬಿಡುವಾಗ ಅಷ್ಟೂ ವಾಪಸ್ ಪಡೆಯುವುದು. ಎರಡೂವರೆ ಲಕ್ಷ ಬ್ಯಾಂಕಿನಿಂದ ಹೋಗಿತ್ತು. ಉಳಿದ ಒಂದೂವರೆ ಲಕ್ಷ ಅಡಿಕೆ ಮಾರಿದ ನಗದು.

ಭೋಗ್ಯದ ದುಡ್ಡನ್ನು ಯಾವ ಓನರೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ಮಗಳ ಮದುವೆಗೋ, ಮೇಲಿನ ಮಹಡಿಗೋ ಖರ್ಚಾಗಿರುತ್ತದೆ. ಮುಂದಿನ ಭೋಗ್ಯದವರು ಬಂದು ದುಡ್ಡು ಕೊಟ್ಟರೆ ಹಿಂದಿನವರಿಗೆ ದುಡ್ಡು. ಅದಕ್ಕೇ ಪೇಟೆಯಲ್ಲಿ ಬಲ್ಲವರೆಲ್ಲ ಒಂದೇ ಮಾತು ಹೇಳುತ್ತಾರೆ: ದುಡ್ಡು ಕೈಗೆ ಬರುವ ತನಕ ಕೀಲಿ ಕೊಡಬೇಡಿ. ಚಿಕ್ಕಮ್ಮ 2021ರಲ್ಲಿ ಮನೆ ಖಾಲಿ ಮಾಡಿದ ದಿನವೇ ಕೀಲಿ ಕೊಟ್ಟುಬಿಟ್ಟಿದ್ದರು. "ಓನರ್ ಹೆಂಡ್ತಿ ಬಂದು, ಹೊಸಬರಿಗೆ ಮನೆ ತೋರಿಸ್ಬೇಕು ಅಕ್ಕಾ ಅಂದ್ರು. ಮೂರು ವರ್ಷ ಒಬ್ಬರ ಮನೆ ಸಾರು ಒಬ್ಬರು ಉಂಡಿದೀವಿ. ಹೇಗೆ ಇಲ್ಲ ಅನ್ನಲಿ?"

ಈ "ಹೇಗೆ ಇಲ್ಲ ಅನ್ನಲಿ" ಎಂಬ ಮಾತು ನನಗೆ ಚೆನ್ನಾಗಿ ಗೊತ್ತು. ಅದನ್ನು ನಾನೂ ಸಮುದ್ರ ದಾಟಿಸಿಕೊಂಡು ಹೋಗಿದ್ದೆ.

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. 2017ರ ಕೊನೆಯಲ್ಲಿ ಒಂದು ಬಾಡಿಗೆ ಮನೆ ಬಿಟ್ಟೆವು. ಡೆಪಾಸಿಟ್ 2,800 ಡಾಲರ್. ಮನೆಯ ಮಾಲೀಕರು ನಮ್ಮ ದೇಶದವರೇ. ಹಬ್ಬಕ್ಕೆ ನಮ್ಮನ್ನು ಊಟಕ್ಕೆ ಕರೆದವರು. ಅಲ್ಲಿನ ಕಾನೂನು ಸ್ಪಷ್ಟವಾಗಿದೆ. ಬಾಡಿಗೆದಾರ ಮನೆ ಬಿಟ್ಟ 21 ದಿನದೊಳಗೆ ಡೆಪಾಸಿಟ್ ವಾಪಸ್ ಕೊಡಬೇಕು. ಏನಾದರೂ ಹಿಡಿದುಕೊಂಡರೆ ಯಾವುದಕ್ಕೆ ಎಷ್ಟು ಎಂದು ಬರೆದು ಕಳಿಸಬೇಕು. ಬಳಸಿ ಸವೆದದ್ದಕ್ಕೆ ದುಡ್ಡು ಹಿಡಿಯುವ ಹಾಗಿಲ್ಲ, ಹಾಳು ಮಾಡಿದ್ದಕ್ಕೆ ಮಾತ್ರ. ಕೆಟ್ಟ ಉದ್ದೇಶದಿಂದ ಹಿಡಿದುಕೊಂಡರೆ ಡೆಪಾಸಿಟ್ಟಿನ ಎರಡು ಪಟ್ಟಿನವರೆಗೆ ದಂಡ ಹಾಕಬಹುದು. ನಮಗೆ 21 ದಿನದಲ್ಲಿ ದುಡ್ಡೂ ಬರಲಿಲ್ಲ, ಲೆಕ್ಕದ ಪಟ್ಟಿಯೂ ಬರಲಿಲ್ಲ. ಫೋನ್ ಮಾಡಿದರೆ "ಕಾರ್ಪೆಟ್ ಹೋಯ್ತು, ಪೇಂಟ್ ಹೋಯ್ತು" ಎಂದರು. ಆ ಕಾರ್ಪೆಟ್ ನಾವು ಹೋಗುವ ಮೊದಲೇ ಹಳೆಯದಾಗಿತ್ತು.

ಎರಡು ತಿಂಗಳು ಸುಮ್ಮನಿದ್ದೆ. ಗೆಳೆಯರು "ನಮ್ಮವರ ಮೇಲೇ ಕೇಸಾ?" ಎಂದರು. ನನಗೂ ಹಾಗೇ ಅನಿಸುತ್ತಿತ್ತು. ಕೊನೆಗೆ ಹೆಂಡತಿ ಒಂದು ಮಾತು ಕೇಳಿದಳು: "ಅವರಿಗೆ ಇಲ್ಲದ ಸಂಕೋಚ ನಮಗೆ ಯಾಕೆ?" ಮಾರನೇ ದಿನ ಸ್ಮಾಲ್ ಕ್ಲೇಮ್ಸ್ ಕೋರ್ಟಿನ ಫಾರಂ ತುಂಬಿದೆ.

ಅದು ಸಣ್ಣ ಮೊತ್ತದ ಕೋರ್ಟು. ಆಗ ಒಬ್ಬ ಮನುಷ್ಯ 10,000 ಡಾಲರ್ ತನಕ ಕೇಳಬಹುದಿತ್ತು. 2024ರಿಂದ ಆ ಮಿತಿ 12,500 ಆಗಿದೆ. ವಿಚಾರಣೆಯಲ್ಲಿ ವಕೀಲರು ನಮ್ಮ ಪರ ನಿಲ್ಲುವ ಹಾಗಿಲ್ಲ. ಎರಡೂ ಕಡೆಯವರು ತಮ್ಮ ಮಾತು ತಾವೇ ಹೇಳಬೇಕು. ದಂಡ ಸೇರಿಸಿ 8,400 ಡಾಲರ್ ಕೇಳಿದೆ. ಅದಕ್ಕೆ 75 ಡಾಲರ್ ಫೀಸು. ಕಾಗದಪತ್ರವನ್ನು ಎದುರಿನವರ ಕೈಗೆ ನಾವೇ ಕೊಡುವ ಹಾಗಿಲ್ಲ, ಕೇಸಿಗೆ ಸಂಬಂಧವಿಲ್ಲದ, 18 ದಾಟಿದ ಯಾರಾದರೂ ಕೊಡಬಹುದು. ದಾವಣಗೆರೆಯ ಗೆಳೆಯನೊಬ್ಬ ಹೋಗಿ ಕೊಟ್ಟು ಬಂದ. ವಿಚಾರಣೆ ಕಾಲು ಗಂಟೆಯೂ ನಡೆಯಲಿಲ್ಲ. ಕೆಲವು ದಿನಗಳ ಮೇಲೆ ಅಂಚೆಯಲ್ಲಿ ತೀರ್ಪು ಬಂತು. ಡೆಪಾಸಿಟ್ 2,800, ದಂಡ 1,400, ಖರ್ಚು ಬೇರೆ. ಒಟ್ಟು 4,300ರ ಹತ್ತಿರ.

ಅಮ್ಮನಿಗೆ ಫೋನ್ ಮಾಡಿ "ಗೆದ್ದೆ" ಎಂದೆ. ಊರಿಗೆಲ್ಲ ಹಬ್ಬಿದ್ದು ಈ ಸುದ್ದಿ. ಆದರೆ ದುಡ್ಡು ನನ್ನ ಕೈಗೆ ಬಂದದ್ದು ಅದಾಗಿ ಒಂದು ವರ್ಷದ ಮೇಲೆ. ಆ ಒಂದು ವರ್ಷದ ಕತೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಬೇಕಾದದ್ದು ಅದೇ.

ಕೋರ್ಟು ತೀರ್ಪು ಕೊಡುತ್ತದೆ, ವಸೂಲಿ ಮಾಡಿ ಕೊಡುವುದಿಲ್ಲ. ಇದನ್ನು ಅಲ್ಲಿನ ಕೋರ್ಟೇ ಮೊದಲ ದಿನದಿಂದ ಹೇಳುತ್ತದೆ. ಸೋತವರಿಗೆ ಮೇಲ್ಮನವಿಗೆ 30 ದಿನ ಇರುತ್ತದೆ, ಅಲ್ಲಿಯವರೆಗೆ ಕೈ ಹಾಕುವ ಹಾಗಿಲ್ಲ. ಅವರು ಮೇಲ್ಮನವಿಗೂ ಹೋಗಲಿಲ್ಲ, ದುಡ್ಡೂ ಕೊಡಲಿಲ್ಲ. ದುಡ್ಡು ಕೊಡದವರು ತಮ್ಮ ಆಸ್ತಿ, ಬ್ಯಾಂಕು, ಸಂಬಳ ಎಲ್ಲವನ್ನೂ ಒಂದು ಫಾರಂನಲ್ಲಿ ತುಂಬಿ ಗೆದ್ದವರಿಗೆ ಕಳಿಸಬೇಕು. ಅದನ್ನೂ ಕಳಿಸಲಿಲ್ಲ.

ಅಲ್ಲಿ ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಕೋರ್ಟಿನಲ್ಲಿ ಬಾಡಿಗೆದಾರರಿಗೂ ಓನರುಗಳಿಗೂ ಪುಕ್ಕಟೆ ಸಲಹೆ ಕೊಡುವವರು ಇರುತ್ತಾರೆ. ಆ ಹೆಂಗಸು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನೀವು ಬಾಡಿಗೆ ಚೆಕ್‌ನಲ್ಲಿ ಕೊಡ್ತಿದ್ರಾ?" ಹೌದು ಎಂದೆ. "ಹಾಗಾದರೆ ಹಳೆಯ ಚೆಕ್ಕಿನ ಹಿಂಭಾಗ ನೋಡಿ." ನನ್ನ ಬ್ಯಾಂಕಿನ ವೆಬ್‌ಸೈಟಿನಲ್ಲಿ ಹಳೆಯ ಚೆಕ್ಕುಗಳ ಎರಡೂ ಮಗ್ಗುಲಿನ ಚಿತ್ರ ಇತ್ತು. ಹಿಂದೆ ಮಾಲೀಕರ ಸಹಿ, ಅದರ ಕೆಳಗೆ ಅವರು ಚೆಕ್ ಹಾಕಿದ ಬ್ಯಾಂಕಿನ ಹೆಸರು. ಮೂರು ವರ್ಷ ನಾನೇ ಕೊಟ್ಟ ಚೆಕ್ಕುಗಳು ಅವರ ಖಾತೆ ಎಲ್ಲಿದೆ ಅಂತ ಹೇಳುತ್ತಿದ್ದವು.

ಕೋರ್ಟಿನ ಗುಮಾಸ್ತರಿಂದ ಜಪ್ತಿ ಆದೇಶ ತೆಗೆದುಕೊಂಡೆ. ಅದನ್ನು ಶೆರಿಫ್ ಕಚೇರಿಗೆ ಕೊಟ್ಟು ಫೀಸು ಕಟ್ಟಿದರೆ ಅವರು ಬ್ಯಾಂಕಿಗೆ ತಲುಪಿಸುತ್ತಾರೆ. ಆ ದಿನ ಖಾತೆಯಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ಹಿಡಿತ. ಆ ದಿನ ಇದ್ದದ್ದು 612 ಡಾಲರ್. ಅಷ್ಟೇ ಬಂತು. ಬೇಸರವಾಯಿತು, ಬಿಟ್ಟುಬಿಡೋಣ ಎನಿಸಿತು. ಇಂಥ ಹೊತ್ತಲ್ಲೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ ಎಂದು ಆ ಸಲಹೆಗಾರರೇ ಹೇಳಿದರು. ಆಮೇಲೆ ಇನ್ನೊಂದು ದಾರಿ ತೋರಿಸಿದರು.

ತೀರ್ಪಿನ ಸಾರಾಂಶವನ್ನು ಒಂದು ಹಾಳೆಯಲ್ಲಿ ಬರೆಸಿ ಕೋರ್ಟಿನ ಮೊಹರು ಹಾಕಿಸಿ ಕೌಂಟಿಯ ನೋಂದಣಿ ಕಚೇರಿಗೆ ಕೊಟ್ಟರೆ, ಆ ಕೌಂಟಿಯಲ್ಲಿ ಎದುರಿನವರ ಹೆಸರಲ್ಲಿರುವ ಮನೆ ಜಾಗಗಳ ಮೇಲೆಲ್ಲ ಈ ಬಾಕಿ ಕೂರುತ್ತದೆ. ನಮ್ಮಲ್ಲಿ ಸೊಸೈಟಿ ಸಾಲಕ್ಕೆ ಪಹಣಿಯಲ್ಲಿ ಬೋಜಾ ಕೂರಿಸುತ್ತಾರಲ್ಲ, ಹಾಗೆ. ಅವರನ್ನು ಹುಡುಕಿಕೊಂಡು ಹೋಗುವ ಕೆಲಸ ಇಲ್ಲ. ಮನೆ ಮಾರುವಾಗ ಕಾಗದ ನೋಡುವವರು ಈ ಬೋಜಾ ತೀರಿಸಿ ಎನ್ನುತ್ತಾರೆ. ಜತೆಗೆ ಬಾಕಿಗೆ ವರ್ಷಕ್ಕೆ 10 ಪರ್ಸೆಂಟ್ ಸರಳ ಬಡ್ಡಿ. ನನ್ನ ಲೆಕ್ಕದಲ್ಲಿ ದಿನಕ್ಕೆ ಸುಮಾರು ಒಂದು ಡಾಲರ್. ತೀರ್ಪಿಗೆ 10 ವರ್ಷ ಆಯುಸ್ಸು, ಬೇಕಾದರೆ ಮತ್ತೆ ನವೀಕರಿಸಬಹುದು.

2019ರಲ್ಲಿ ಒಂದು ಸಂಜೆ ಆ ಮಾಲೀಕರೇ ಫೋನ್ ಮಾಡಿದರು. ಮನೆ ಮಾರುತ್ತಿದ್ದರು. "ಒಟ್ಟು ಎಷ್ಟಾಗಿದೆ?" ಎಂದು ಕೇಳಿದರು, ಬೇರೆ ಮಾತಿಲ್ಲ. ಬಡ್ಡಿ ಸೇರಿಸಿ ಹೇಳಿದೆ. ದುಡ್ಡು ಬಂತು. ನೋಟರಿ ಮುಂದೆ ಸಹಿ ಮಾಡಿ "ಬಾಕಿ ತೀರಿದೆ" ಎಂಬ ಕಾಗದ ಕೊಟ್ಟೆ. ಅದನ್ನು ಕೊಡುವುದು ಗೆದ್ದವರ ಕರ್ತವ್ಯ, ಅದರಲ್ಲೂ ಉದಾಸೀನ ಮಾಡುವಂತಿಲ್ಲ.

ಈ ಕತೆಯನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದೆ. ಅವರು ಪೂರ್ತಿ ಕೇಳಿ, "ಇಷ್ಟೆಲ್ಲ ಮಾಡಿದೆಯಾ! ಜಗಳ ಆಗ್ಲಿಲ್ವಾ?" ಎಂದರು. ಆಗಲಿಲ್ಲ. ಒಂದು ಜೋರು ಮಾತೂ ಆಗಲಿಲ್ಲ. ಎಲ್ಲ ಕಾಗದದ ಮೇಲೇ ನಡೆಯಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಇದೇ. ಅವರು ನನ್ನನ್ನು ಮತ್ತೆ ಊಟಕ್ಕೆ ಕರೆಯಲಿಲ್ಲ, ನಿಜ. ಆದರೆ ನನ್ನ ದುಡ್ಡಿಗಾಗಿ ನಾನು ಯಾರ ಮನೆ ಬಾಗಿಲಲ್ಲೂ ನಿಲ್ಲಲಿಲ್ಲ.

ಚಿಕ್ಕಮ್ಮ ನಿಂತಿದ್ದರು. ಹದಿನೇಳು ಸಲ.

ನಮ್ಮ ಕಡೆ ವಸೂಲಿಯ ದಾರಿಯೇ ಬೇರೆ. ಮೊದಲು ಹಿರಿಯರೊಬ್ಬರ ಕೈಲಿ ಮಾತಾಡಿಸುವುದು. ಆ ಓನರಿಗೂ ತೀರ್ಥಹಳ್ಳಿ ಕಡೆ ಸ್ವಲ್ಪ ತೋಟ ಇತ್ತು. ಚಿಕ್ಕಪ್ಪ ಅಡಿಕೆ ಹಾಕುವ ಮಂಡಿಗೇ ಅವರೂ ಹಾಕುತ್ತಿದ್ದರು. ಮಂಡಿ ಸಾಹುಕಾರರು ಇಬ್ಬರನ್ನೂ ಕೂರಿಸಿ ಕಾಫಿ ಕುಡಿಸಿ ಮಾತಾಡಿದರು. "ಸುಗ್ಗಿ ಆಗ್ಲಿ, ಕೊಟ್ಟುಬಿಡ್ತೀನಿ" ಎಂದರು ಓನರು. ಸಾಹುಕಾರರ ಮುಂದೆ ಕೊಟ್ಟ ಮಾತು. ಸುಗ್ಗಿ ಆಯಿತು, ಕೊನೆಕೊಯ್ಲು ಮುಗಿಯಿತು, ಅಡಿಕೆ ಬೇಯಿಸಿ ಒಣಗಿಸಿ ಮಾರಾಟವೂ ಆಯಿತು. ದುಡ್ಡು ಬರಲಿಲ್ಲ. ಸಾಹುಕಾರರಿಗೆ ಇಬ್ಬರೂ ಗಿರಾಕಿಗಳು. ಅವರು ಎಷ್ಟು ಗಟ್ಟಿಯಾಗಿ ಹೇಳಿಯಾರು?

ಆಮೇಲೆ ಚಿಕ್ಕಮ್ಮ ಸಿಗಂದೂರಿಗೆ ಹೋದರು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಸಾಗರ, ಹೊಸನಗರದ ಕಡೆ ತೋಟದ ಬೇಲಿಗೆ "ಸಿಗಂದೂರು ಚೌಡೇಶ್ವರಿಯ ಕಾವಲಿದೆ" ಎಂಬ ಬೋರ್ಡು ಕಾಣುತ್ತದೆ. ಬೀಗಕ್ಕಿಂತ ಆ ಬೋರ್ಡಿನ ಮೇಲೆ ಜನರಿಗೆ ನಂಬಿಕೆ. ಈಗ 2025ರ ಜುಲೈನಿಂದ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಆಗಿದೆ. ಆಗಿನ್ನೂ ಲಾಂಚಿನಲ್ಲೇ ದಾಟಬೇಕಿತ್ತು. ಚಿಕ್ಕಮ್ಮ ದಾಟಿ ಹೋಗಿ, ಅಮ್ಮನವರ ಮುಂದೆ ಹೇಳಿಕೊಂಡು ಬಂದರು. ಆ ಸುದ್ದಿ ಓನರ ಕಿವಿಗೆ ಬಿತ್ತು. ಎಂಟು ದಿನದಲ್ಲಿ 25 ಸಾವಿರ ರೂಪಾಯಿ ಬಂತು.

ನಾನು ಇದನ್ನು ಕೀಳಾಗಿ ನೋಡುವುದಿಲ್ಲ. ದೇವರ ಭಯ, ನಾಲ್ಕು ಜನರ ಮುಂದಿನ ಮರ್ಯಾದೆ, ಮಂಡಿಯ ಮಾತು, ಇವು ನಮ್ಮ ಕಡೆ ನೂರಾರು ವರ್ಷ ಎಷ್ಟೋ ಸಾಲ ತೀರಿಸಿವೆ. ಒಂದು ಪೈಸೆ ಖರ್ಚಿಲ್ಲದೆ ತೀರಿಸಿವೆ. ಆದರೆ ಇವು ಯಾರ ಕೈ ಹಿಡಿಯುತ್ತವೆ ಎಂದು ನೋಡಬೇಕು. ಮಂಡಿಯಲ್ಲಿ ಲೆಕ್ಕ ಇರುವವರಿಗೆ, ಊರಲ್ಲಿ ಹೆಸರಿರುವವರಿಗೆ, ಪರ ಮಾತಾಡಲು ಹಿರಿಯರು ಇರುವವರಿಗೆ. ಸಹ್ಯಾದ್ರಿ ಕಾಲೇಜಿಗೋ ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೋ ಕೊಪ್ಪಳದಿಂದ ಬಂದು ರೂಮು ಮಾಡಿದ ಹುಡುಗನಿಗೆ ಯಾವ ಮಂಡಿ ಸಾಹುಕಾರ ಇದ್ದಾರೆ? ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತ ಗೋಪಾಳದಲ್ಲಿ ಒಂದು ಕೋಣೆ ಹಿಡಿದ ಹೆಂಗಸಿಗೆ? ಅವರು ಹತ್ತೋ ಇಪ್ಪತ್ತೋ ಸಾವಿರ ಅಡ್ವಾನ್ಸನ್ನು ಎರಡು ಸಲ ಕೇಳಿ, ಮೂರನೇ ಸಲ ಫೋನ್ ಎತ್ತದಿದ್ದಾಗ ಬಿಟ್ಟುಬಿಡುತ್ತಾರೆ. ಮರ್ಯಾದೆಗೆ ಹೆದರದ ಓನರಿಗೆ ಈ ದಾರಿಯಲ್ಲಿ ಯಾವ ಕಷ್ಟವೂ ಇಲ್ಲ. ಕಷ್ಟವೆಲ್ಲ ಮರ್ಯಾದೆಗೆ ಹೆದರುವ ಬಾಡಿಗೆದಾರರಿಗೆ. ತಪ್ಪು ಮಾಡಿದವರು ತಲೆ ಎತ್ತಿಕೊಂಡು ಓಡಾಡುತ್ತಾರೆ, ದುಡ್ಡು ಕಳೆದುಕೊಂಡವರು ನಾಚಿಕೊಳ್ಳುತ್ತಾರೆ. ಇದು ನನಗೆ ಸಹಿಸಲಾಗದ ಸಂಗತಿ.

"ಋಣ ಇದ್ರೆ ಬರುತ್ತೆ ಬಿಡು," ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಋಣ ಇತ್ತು. ನಾಲ್ಕು ಲಕ್ಷ ಇತ್ತು, ಕಾಗದದಲ್ಲಿ ಬರೆದಿತ್ತು.

ಚಿಕ್ಕಮ್ಮನನ್ನು ಕರೆದುಕೊಂಡು ಒಬ್ಬ ವಕೀಲರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ಸುಳ್ಳು ಭರವಸೆ ಕೊಡಲಿಲ್ಲ. ಕರಾರನ್ನು ಬೆಳಕಿಗೆ ಹಿಡಿದು ನೋಡಿ, ಇದು ರಿಜಿಸ್ಟರ್ ಆಗಿಲ್ಲ ಎಂದರು. ಭೋಗ್ಯ ಎಂದರೆ ಕಾನೂನಿನ ಕಣ್ಣಲ್ಲಿ ಒಂದು ಅಡಮಾನ. ಅದಕ್ಕೆ ನೋಂದಣಿ ಬೇಕು, ಮೊತ್ತಕ್ಕೆ ತಕ್ಕ ಮುದ್ರಾಂಕ ಶುಲ್ಕ ಬೇಕು. ನೂರು ರೂಪಾಯಿಯ ಕಾಗದವನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಇಡಬೇಕಾದರೆ ಕಡಿಮೆ ಬಿದ್ದ ಶುಲ್ಕವನ್ನೂ, ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕು. ಕರ್ನಾಟಕದ ಮುದ್ರಾಂಕ ಕಾಯ್ದೆ 1957ರಿಂದ ಹಾಗೇ ಹೇಳುತ್ತದೆ. ಕಳೆದುಕೊಂಡವರೇ ಮೊದಲು ದಂಡ ಕಟ್ಟಬೇಕು! ಚಿಕ್ಕಮ್ಮನ ಮುಖ ನೋಡಲಾಗಲಿಲ್ಲ. ಬಾಡಿಗೆ ಕರಾರನ್ನು ಎಲ್ಲರೂ 11 ತಿಂಗಳಿಗೆ ಯಾಕೆ ಬರೆಯುತ್ತಾರೆ ಎಂಬುದಕ್ಕೂ ಇದೇ ಮೂಲ. ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕು. ಅದನ್ನು ತಪ್ಪಿಸಿಕೊಳ್ಳುವ ಅಭ್ಯಾಸವೇ ಆಮೇಲೆ ಬಾಡಿಗೆದಾರರ ಕತ್ತಿಗೆ ಬರುತ್ತದೆ.

ಡಿಕ್ರಿ, ಅಂದರೆ ದುಡ್ಡು ಕೊಡಿ ಎಂಬ ಕೋರ್ಟಿನ ತೀರ್ಪು, ಆದ ಮೇಲೆ ಏನು ಎಂದು ಕೇಳಿದೆ. ವಕೀಲರು ಹೇಳಿದ್ದನ್ನು ಕೇಳುತ್ತ ಹೋದಂತೆ ನನಗೆ ಆಶ್ಚರ್ಯ. ನಾನು ಅಲ್ಲಿ ಬಳಸಿದ ಆಯುಧಗಳಲ್ಲಿ ಹೆಚ್ಚಿನವು ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ಇವೆ. ಬ್ಯಾಂಕ್ ಖಾತೆ ಜಪ್ತಿ ಇದೆ. ಮನೆ ಜಾಗ ಜಪ್ತಿ ಇದೆ. ಸೋತವರನ್ನು ಕೋರ್ಟಿಗೆ ಕರೆಸಿ ನಿಮ್ಮ ಆಸ್ತಿ ಏನೇನಿದೆ ಎಂದು ಪ್ರಮಾಣಪತ್ರ ಕೇಳುವ ಅವಕಾಶ ಇದೆ. ದುಡ್ಡಿದ್ದೂ ಕೊಡದವರನ್ನು ಸಿವಿಲ್ ಜೈಲಿಗೆ ಕಳಿಸುವುದೂ ಇದೆ. ಆದರೆ ಜೈಲಿನಲ್ಲಿ ಅವರ ಊಟದ ಬತ್ತೆಯನ್ನು ದುಡ್ಡು ಬರಬೇಕಾದವರೇ ಕಟ್ಟಬೇಕು. ಏನೇ ಜಪ್ತಿ ಮಾಡಿದರೂ ಅಡುಗೆ ಪಾತ್ರೆ, ಹಾಸಿಗೆ, ಹೆಂಗಸಿನ ಮಾಂಗಲ್ಯ ಮುಟ್ಟುವ ಹಾಗಿಲ್ಲ. ಆ ಮಾತು ನನಗೆ ತುಂಬ ಹಿಡಿಸಿತು, ಬರೆದವರಿಗೆ ಮನುಷ್ಯರ ನೆನಪಿತ್ತು. ಡಿಕ್ರಿ ಜಾರಿಗೆ ತರಲು 12 ವರ್ಷ ಕಾಲಾವಕಾಶವೂ ಇದೆ. ಕ್ಯಾಲಿಫೋರ್ನಿಯಾದ 10ಕ್ಕಿಂತ ಜಾಸ್ತಿಯೇ.

ಹಾಗಾದರೆ ಕೊರತೆ ಎಲ್ಲಿದೆ? ಅಲ್ಲಿ ಈ ಆಯುಧಗಳನ್ನು ಅಡುಗೆಮನೆಯ ಮೇಜಿನ ಮೇಲೆ ಕೂತು ನಾನೇ ತುಂಬಬಹುದಾದ ಫಾರಂಗಳಾಗಿ ಮಾಡಿಟ್ಟಿದ್ದಾರೆ. ಎರಡು ಪುಟ, ಸರಳ ಮಾತು. ಇಲ್ಲಿ ಅವೇ ಆಯುಧಗಳು ದಪ್ಪ ಪುಸ್ತಕದೊಳಗಿವೆ. ದಾವೆಗೆ ಒಂದು ಸುತ್ತು, ಡಿಕ್ರಿ ಆದ ಮೇಲೆ ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಎಂದು ಇನ್ನೊಂದು ಸುತ್ತು. ಮತ್ತೆ ನೋಟಿಸು, ಮತ್ತೆ ತಕರಾರು, ಮತ್ತೆ ವಾಯಿದೆ. ಬಾಲರಾಜ ಅರಸ್ ರಸ್ತೆಯ ಕೋರ್ಟಿಗೆ ಹೊಸನಗರದಿಂದ ಬಸ್ಸಿನಲ್ಲಿ ಬಂದು, ವಾಯಿದೆ ತೆಗೆದುಕೊಂಡು ಸಂಜೆ ಬಸ್ಸಿಗೆ ವಾಪಸ್ ಹೋಗುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಡಿಕ್ರಿ ಸಿಕ್ಕ ಮೇಲೇ ಭಾರತದ ಕಕ್ಷಿದಾರನ ಕಷ್ಟ ಶುರುವಾಗುತ್ತದೆ ಎಂದು ಆಗ ನಮಗೆ ಕೊನೆಯ ಮೇಲ್ಮನವಿಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. 2021ರಲ್ಲಿ, ಬೆಂಗಳೂರಿನದೇ ಒಂದು ಆಸ್ತಿ ವ್ಯಾಜ್ಯದಲ್ಲಿ, ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. 2025ರಲ್ಲಿ ಲೆಕ್ಕ ತರಿಸಿ ನೋಡಿದರೆ ದೇಶದಲ್ಲಿ ಇಂಥ 8 ಲಕ್ಷ 82 ಸಾವಿರ ಅರ್ಜಿಗಳು ಬಾಕಿ ಇದ್ದವು. ಅಷ್ಟೂ ಜನ ಒಮ್ಮೆ ಗೆದ್ದವರು. "ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆ ಸುಮ್ನೆ ಹುಟ್ಟಿದ್ದಲ್ಲ.

ಬಡ್ಡಿಯ ವಿಷಯವೂ ಇದೆ. ಅಲ್ಲಿ ತೀರ್ಪಿನ ಬಾಕಿಗೆ 10 ಪರ್ಸೆಂಟ್ ಎಂದೆನಲ್ಲ. ಇಲ್ಲಿ ಡಿಕ್ರಿ ನಂತರ, ವ್ಯಾಪಾರದ ಸಾಲ ಅಲ್ಲದಿದ್ದರೆ, ಸಾಮಾನ್ಯವಾಗಿ 6ರ ಮೇಲೆ ಹೋಗುವುದಿಲ್ಲ. ಬ್ಯಾಂಕಿನಲ್ಲಿ ಸಾಲ ಮಾಡಿದರೆ ಇದಕ್ಕಿಂತ ಜಾಸ್ತಿ ಬಡ್ಡಿ. ಕೊಡದೆ ಎಳೆದಾಡುವುದೇ ಓನರಿಗೆ ಲಾಭ.

ಚಿಕ್ಕಮ್ಮನಿಗೆ ಆ ವಕೀಲರೇ ಇನ್ನೊಂದು ದಾರಿ ತೋರಿಸಿದರು. ಕಾನೂನು ಸೇವಾ ಪ್ರಾಧಿಕಾರ. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರ ನೆರವು ಸಿಗುತ್ತದೆ. ಇದು 1987ರ ಕಾಯ್ದೆಯಲ್ಲೇ ಇದೆ. ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ದಾವೆ ಹಾಕುವ ಮೊದಲೇ ಲೋಕ ಅದಾಲತ್ತಿಗೆ ಅರ್ಜಿ ಕೊಡಬಹುದು, ಕೋರ್ಟ್ ಫೀಸಿಲ್ಲ. ಅಲ್ಲಿ ರಾಜಿಯಾಗಿ ಬರೆದದ್ದಕ್ಕೆ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ. ಚಿಕ್ಕಮ್ಮ ಅರ್ಜಿ ಕೊಟ್ಟರು. ಪ್ರಾಧಿಕಾರದ ನೋಟಿಸು ಹೋದ ಮೇಲೆ ಓನರು ಬಂದು ಕೂತರು. ಹದಿನೇಳು ತಾರೀಖುಗಳು ಮಾಡದ ಕೆಲಸವನ್ನು ಸರ್ಕಾರದ ಮೊಹರಿದ್ದ ಒಂದು ಲಕೋಟೆ ಮಾಡಿತು.

ಅಲ್ಲಿ ಓನರು ತೆಗೆದ ತಕರಾರು ಗೋಡೆಯದು. "ಗೋಡೆಯೆಲ್ಲ ಬೂಷ್ಟು ಹಿಡಿದಿತ್ತು, ಪೇಂಟಿಗೆ ಐವತ್ತು ಸಾವಿರ ಆಯ್ತು" ಎಂದರಂತೆ. ಮಲೆನಾಡಿನ ಮಳೆಗಾಲದಲ್ಲಿ ಗೋಡೆ ಬೂಷ್ಟು ಹಿಡಿಯದೆ ಇನ್ನೇನು ಹಿಡಿಯುತ್ತದೆ? ಅದು ಬಾಡಿಗೆದಾರರ ತಪ್ಪಾಗುವುದು ಹೇಗೆ? ಕ್ಯಾಲಿಫೋರ್ನಿಯಾದ ಕಾನೂನಿನಲ್ಲಾಗಿದ್ದರೆ ಅದು ಸವೆತದ ಲೆಕ್ಕಕ್ಕೆ ಹೋಗುತ್ತಿತ್ತೇನೋ. ಈಗಂತೂ 2025ರಿಂದ ಮನೆ ಕೊಡುವಾಗ, ಬಿಟ್ಟ ಮೇಲೆ, ರಿಪೇರಿ ಆದ ಮೇಲೆ ಮಾಲೀಕರೇ ಫೋಟೊ ತೆಗೆದಿಡಬೇಕು ಎಂಬ ನಿಯಮ ಅಲ್ಲಿ ಬಂದಿದೆ. ನಮ್ಮಲ್ಲಿ ಮನೆ ಬಿಡುವಾಗ ಪೇಂಟಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಪದ್ಧತಿಯೇ ಆಗಿಹೋಗಿದೆ. ಯಾಕೆ ಎಂದು ಯಾರೂ ಕೇಳುವುದಿಲ್ಲ.

ಕೊನೆಗೆ ಪೇಂಟಿಗೆ 25 ಸಾವಿರ ಬಿಟ್ಟು, ಮೊದಲು ಬಂದದ್ದನ್ನು ಕಳೆದು, ಮೂರೂವರೆ ಲಕ್ಷಕ್ಕೆ ರಾಜಿಯಾಯಿತು. ಮೂರು ಚೆಕ್ಕು. ಚೆಕ್ಕನ್ನೇ ಕೇಳಿ ಎಂದು ವಕೀಲರು ಒತ್ತಿ ಹೇಳಿದ್ದರು. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸು, ಎರಡು ವರ್ಷದ ತನಕ ಜೈಲು ಆಗಬಹುದು. ಬ್ಯಾಂಕಿನ ಚೀಟಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ 15 ದಿನದಲ್ಲಿ ಅವರು ದುಡ್ಡು ಕಟ್ಟಬೇಕು. ಸಿವಿಲ್ ಡಿಕ್ರಿಗೆ ಹೆದರದವರೂ ಚೆಕ್ಕಿಗೆ ಹೆದರುತ್ತಾರೆ. ಮೂರನೇ ಚೆಕ್ಕು 2023ರ ದೀಪಾವಳಿಗೆ ಮುಂಚೆ ಪಾಸಾಯಿತು.

"ಎಲ್ಲ ಬಂತು," ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದರು. ಎಲ್ಲ ಬರಲಿಲ್ಲ. 25 ಸಾವಿರ ಹೋಯಿತು, ಎರಡು ವರ್ಷದ ಬಡ್ಡಿ ಹೋಯಿತು, ಮಗನ ಕಾಲೇಜು ಫೀಸಿಗೆ ಅಡವಿಟ್ಟ ಬಳೆಗೆ ಕಟ್ಟಿದ ಬಡ್ಡಿ ಬೇರೆ. ಅವರ ಸಂತೋಷ ಕೆಡಿಸಲು ಮನಸ್ಸಾಗಲಿಲ್ಲ. ಸುಮ್ಮನಾದೆ.

ಆದರೆ ಇಲ್ಲಿ ಹೇಳುತ್ತೇನೆ. ನಮ್ಮ ಊರುಗಳಿಗೆ ದೊಡ್ಡ ಕಾನೂನಿನ ಕೊರತೆ ಇಲ್ಲ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯೂ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಬೇಡ ಎನ್ನುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈನಿಂದ, ಸಣ್ಣ ಮಾಲೀಕರನ್ನು ಬಿಟ್ಟರೆ, ಒಂದೇ ತಿಂಗಳದ್ದು. ನನಗೆ ಬೇಕಾದದ್ದು ಸಣ್ಣ ಸಣ್ಣ ಸಂಗತಿಗಳು. ಡೆಪಾಸಿಟ್ ವಾಪಸಿಗೆ ಒಂದು ಖಚಿತ ದಿನ. ಹಿಡಿದುಕೊಂಡದ್ದಕ್ಕೆ ಬರೆದ ಲೆಕ್ಕ. ತಾಲ್ಲೂಕು ಕೋರ್ಟಿನಲ್ಲಿ ಸಣ್ಣ ಮೊತ್ತಕ್ಕೆ, ಕನ್ನಡದಲ್ಲಿ, ವಕೀಲರಿಲ್ಲದೆ ತುಂಬಬಹುದಾದ ಎರಡು ಪುಟದ ಫಾರಂ. ಡಿಕ್ರಿ ಆದ ದಿನವೇ ಅದು ಎದುರಿನವರ ಮನೆಯ ಖಾತೆಯ ಮೇಲೆ ಬೋಜಾ ಆಗಿ ಕೂರುವ ವ್ಯವಸ್ಥೆ. ಪಹಣಿ, ಇ-ಖಾತೆ, ಋಣಭಾರ ಪತ್ರ ಎಲ್ಲ ಕಂಪ್ಯೂಟರಿಗೆ ಬಂದಿರುವಾಗ ಇದು ಆಗದ ಕೆಲಸವೇನಲ್ಲ. ಸೊಸೈಟಿ ಸಾಲಕ್ಕೆ ಬೋಜಾ ಕೂರಿಸಲು ಬರುವವರಿಗೆ ಚಿಕ್ಕಮ್ಮನ ನಾಲ್ಕು ಲಕ್ಷಕ್ಕೆ ಕೂರಿಸಲು ಯಾಕೆ ಬರಬಾರದು?

ಅದು ಆಗುವ ತನಕ ನಾವೇ ಮಾಡಬಹುದಾದದ್ದು ಇದೆ. ದುಡ್ಡನ್ನು ಬ್ಯಾಂಕಿನ ಮೂಲಕವೇ ಕೊಡಿ. ಭೋಗ್ಯವಾದರೆ ರಿಜಿಸ್ಟರ್ ಮಾಡಿಸಿ, ಖರ್ಚಾದರೂ ಪರವಾಗಿಲ್ಲ. ಮನೆಗೆ ಹೋದ ದಿನವೇ ಗೋಡೆ, ನಲ್ಲಿ, ನೆಲ ಎಲ್ಲದರ ಫೋಟೊ ತೆಗೆದು ಓನರಿಗೆ ವಾಟ್ಸ್‌ಆ್ಯಪ್ ಮಾಡಿ. ದುಡ್ಡು ಬರುವ ಮುಂಚೆ ಕೀಲಿ ಕೊಡಬೇಡಿ. ಕೊಡದೆ ಎಳೆದರೆ ಮೂರು ವರ್ಷ ಮುಗಿಯುವುದರೊಳಗೆ ದಾವೆ ಹಾಕಬೇಕು, ಆಮೇಲೆ ಹಕ್ಕು ಹೋಗುತ್ತದೆ. "ಸುಗ್ಗಿ ಆಗ್ಲಿ" ಎಂದು ಕಾಯುತ್ತ ಮೂರು ಸುಗ್ಗಿ ಕಳೆದರೆ ಮುಗಿಯಿತು.

ಈ ವರ್ಷ ಊರಿಗೆ ಬಂದಾಗ ಚಿಕ್ಕಮ್ಮನ ಮಗಳಿಗೆ ಶಿವಮೊಗ್ಗದಲ್ಲೇ ಕೆಲಸ ಸಿಕ್ಕಿತ್ತು. ರವೀಂದ್ರನಗರದಲ್ಲಿ ಒಂದು ಮನೆ ನೋಡಿದರು. ಕರಾರು ಬರೆಯುವ ದಿನ ನಾನೂ ಹೋಗಿದ್ದೆ. ಟೈಪ್ ಮಾಡಿಸಿದ ಕಾಗದದ ಕೊನೆಗೆ ಎರಡು ಸಾಲು ಸೇರಿಸಲು ಕೇಳಿದೆ: ಮನೆ ಖಾಲಿ ಮಾಡಿದ 21 ದಿನದೊಳಗೆ ಅಡ್ವಾನ್ಸ್ ಬ್ಯಾಂಕಿಗೆ ವಾಪಸ್, ಮುರಿದುಕೊಂಡರೆ ಬಿಲ್ಲಿನ ಜತೆ ಬರೆದ ಲೆಕ್ಕ. ಓನರು ವಯಸ್ಸಾದವರು, ನಿವೃತ್ತ ಮೇಷ್ಟರು. ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇದೆಲ್ಲ ಯಾಕಪ್ಪಾ? ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಹೇಳಿದರು: "ನಂಬಿಕೆ ಇದೆ ಸರ್. ನಂಬಿಕೆ ಇರೋದ್ರಿಂದಲೇ ಮನೆಗೆ ಬರ್ತಿದೀವಿ. ಇದನ್ನೂ ಬರೀರಿ."

ಮೇಷ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ 21 ಎಂಬುದನ್ನು ಹೊಡೆದು 30 ಎಂದು ತಿದ್ದಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಿ, ಪೆನ್ನನ್ನು ಚಿಕ್ಕಮ್ಮನ ಮಗಳ ಕೈಗೆ ಕೊಟ್ಟರು.